ವಿಮಾನದ ಜಾತಕ ಹೊತ್ತು ಐರ್ಲೆಂಡಿಗೆ

ಮಾನ್ವಿ

ಒಂದು ವಿಮಾನವನ್ನೂ ಹತ್ತುವ ಮೊದಲೇ ನಾನು ಹನ್ನೊಂದು ವಿಮಾನಗಳ ಹೊಟ್ಟೆಯೊಳಗಿನ ಸಂಗತಿ ಬಲ್ಲವಳಾಗಿದ್ದೆ. ಯಾವುದರ ಗಾಲಿ ಎಂದು ಬದಲಾಯಿತು, ಯಾವುದರ ಎಡಗಡೆಯ ಇಂಜಿನ್ನಿಗೆ ಎಷ್ಟು ವಯಸ್ಸಾಯಿತು, ಯಾವುದರ ಬಾಗಿಲಿನ ಬೋಲ್ಟನ್ನು ಯಾರು ಬಿಗಿದರು, ಎಲ್ಲವೂ ನನ್ನ ಕಪಾಟಿನಲ್ಲಿತ್ತು. ಕಪಾಟು ಇರುವುದು ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ, ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ವಿಮಾನವೇ ಇಳಿಯದ ಊರಿನಲ್ಲಿ ವಿಮಾನದ ಕಾಗದಕ್ಕೇನು ಕೆಲಸ ಎಂದು ಕೇಳಬೇಡಿ. ವಿಮಾನ ನಿಲ್ಲಿಸಿ ರಿಪೇರಿ ಮಾಡುವ ನಮ್ಮ ಕಂಪನಿಯ ಹ್ಯಾಂಗರ್ ಹೈದರಾಬಾದಿನಲ್ಲಿದೆ. ಕಾಗದ ಇಡಲು ಅಷ್ಟು ದುಬಾರಿ ಜಾಗ ಯಾಕೆ, ಕಾಗದವೇನು ಹಾರುತ್ತದೆಯೇ ಎಂದು ಯಾರೋ ಜಾಣರು ಹೇಳಿದರಂತೆ. ಅಂದಿನಿಂದ ಗೊಬ್ಬರದ ವಾಸನೆ ಕುಡಿದುಕೊಂಡೇ ನಾನು ವಿಮಾನಯಾನ ಕ್ಷೇತ್ರದಲ್ಲಿದ್ದೇನೆ.

ಲಾಗ್‌ಬುಕ್ ಎಂದರೆ ವಿಮಾನದ ಜಾತಕ, ಆಸ್ಪತ್ರೆ ಚೀಟಿ, ನಡತೆಯ ಪ್ರಮಾಣಪತ್ರ ಎಲ್ಲವನ್ನೂ ಒಂದೇ ರಟ್ಟಿನೊಳಗೆ ಹೊಲಿದ ಹಾಗೆ. ಹುಟ್ಟಿದ ದಿನದಿಂದ ಎಷ್ಟು ತಾಸು ಹಾರಿತು, ಎಷ್ಟು ಸಲ ನೆಲ ಮುಟ್ಟಿತು, ಯಾವ ಭಾಗ ಬಿಚ್ಚಿದರು, ಯಾವುದನ್ನು ಕೂಡಿಸಿದರು, ಯಾರು ಸಹಿ ಮಾಡಿದರು ಎಂಬುದೆಲ್ಲ ಅದರಲ್ಲಿರಬೇಕು. ಪುಸ್ತಕ ಹೋದರೆ ಎಷ್ಟು ಗಟ್ಟಿಮುಟ್ಟಾದ ವಿಮಾನವಾದರೂ ಗುಜರಿಯೇ.

ನನ್ನ ಹೆಸರು ಹುಲಿಗೆಮ್ಮ. ಈ ಕೆಲಸಕ್ಕೆ ಮೊದಲು ಮಾನ್ವಿ ತಹಶೀಲ್ ಕಚೇರಿಯ ಮುಂದೆ ಬೇವಿನ ಮರದಡಿ ಕುಳಿತು ಮಂದಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಅಕ್ಷರ ದುಂಡಗಿದ್ದವು. ಸಾವಿರಾರು ಅರ್ಜಿ ಬರೆದಿದ್ದೇನೆ, ಒಂದರ ಕೆಳಗೂ ನನ್ನ ಹೆಸರಿಲ್ಲ. ಲಾಗ್‌ಬುಕ್ಕಿನ ಕೆಲಸವೂ ಅಂಥದ್ದೇ. ಎಂಜಿನಿಯರುಗಳು ಸಹಿ ಮಾಡುತ್ತಾರೆ, ನಾನು ಪುಸ್ತಕ ಕಾಯುತ್ತೇನೆ.

ಕಾಯುವುದನ್ನು ಕಲಿಸಿದವರು ದೇವದುರ್ಗದ ಹನುಮಂತಪ್ಪ. ವಾಯುಪಡೆಯಲ್ಲಿ ಕೆಲಸ ಕಲಿತು, ಆಮೇಲೆ ಲೈಸೆನ್ಸ್ ಪರೀಕ್ಷೆ ಬರೆದು, ಈಗ ನಮ್ಮ ಹ್ಯಾಂಗರಿನಲ್ಲಿ ಸಹಿಯ ಅಧಿಕಾರವುಳ್ಳ ಎಂಜಿನಿಯರ್. ಅವರ ಹತ್ತಿರ ನಂಬರ್ ಇರುವ ಒಂದು ಪುಟ್ಟ ಠಸ್ಸೆಯಿದೆ. ಆ ಠಸ್ಸೆ ಮತ್ತು ಸಹಿ ಬೀಳದೆ ವಿಮಾನ ಹಾರುವಂತಿಲ್ಲ. ಮೊದಲ ದಿನವೇ ನನಗೆ ಎರಡು ಮಾತು ಹೇಳಿದ್ದರು. "ಸಹಿ ಇಲ್ಲಂದ್ರ ಕೆಲಸ ಆಗಿಲ್ಲಂತ ತಿಳಕೋ. ತಪ್ಪಾದ್ರ ಅಳಸಬ್ಯಾಡ. ಒಂದು ಗೆರಿ ಎಳಿ, ಬಾಜೂಕ ಸರಿ ಬರಿ, ನಿನ್ನ ಸಹಿ ಮಾಡು. ತಪ್ಪೂ ಕಾಣಬೇಕು, ಮಾಡಿದವರೂ ಕಾಣಬೇಕು." ಪೆನ್ನನ್ನು ಅವರು ಎಷ್ಟು ಒತ್ತಿ ಹಿಡಿಯುತ್ತಿದ್ದರೆಂದರೆ ಅವರ ಸಹಿಯ ಹಿಂದೆ ಕಾಗದ ಉಬ್ಬಿ ನಿಲ್ಲುತ್ತಿತ್ತು.

ಐರ್ಲೆಂಡಿನವರಿಂದ ನಮ್ಮ ಕಂಪನಿ ಬಾಡಿಗೆಗೆ ತಂದಿದ್ದ ಹಳೆಯ ವಿಮಾನವೊಂದರ ಕರಾರು ಮುಗಿದಿತ್ತು. ವಿಮಾನ ತಾನೇ ಹಾರಿ ಹೋಗಿತ್ತು, ಅದರ ಹದಿನಾಲ್ಕು ಮೂಲ ಪುಸ್ತಕಗಳನ್ನು ಒಬ್ಬರು ಕೈಯಲ್ಲಿ ಹಿಡಿದು ಒಯ್ಯಬೇಕಿತ್ತು. ಹೋಗಬೇಕಾದವರು ನಮ್ಮ ದಾಖಲೆ ವಿಭಾಗದ ಮ್ಯಾನೇಜರ್ ಸಾಹೇಬರು. ಅವರ ಪಾಸ್‌ಪೋರ್ಟಿನಲ್ಲಿ ಒಂದು ಹುಟ್ಟಿದ ದಿನ, ವೀಸಾ ಅರ್ಜಿಯಲ್ಲಿ ಇನ್ನೊಂದು. ದಾಖಲೆ ವಿಭಾಗದ ಮ್ಯಾನೇಜರ್ ಎರಡು ಸಲ ಹುಟ್ಟಿದ್ದನ್ನು ವೀಸಾದವರು ಒಪ್ಪಲಿಲ್ಲ. ಹೀಗೆ ನನ್ನ ಪಾಳಿ ಬಂತು.

"ಅಲ್ಲಿ ಮಂದಿ ಏನ್ ತಿಂತಾರ?" ಎಂದು ಅವ್ವ ಕೇಳಿದಳು.

"ಆಲೂಗಡ್ಡಿ."

"ಅಷ್ಟs?" ಎಂದವಳು ಎರಡು ಮಾತಾಡದೆ ನಲವತ್ತು ಖಡಕ್ ರೊಟ್ಟಿ ಬಡಿದಳು. ಜೊತೆಗೆ ಒಂದು ಡಬ್ಬಿ ಶೇಂಗಾ ಹಿಂಡಿ.

ರಾಯಚೂರು

ಪುಸ್ತಕ ತೆಗೆದುಕೊಳ್ಳಲು ಬೆಳಿಗ್ಗೆ ಕಲ್ಲೂರಿನ ಮೇಲಿಂದ ರಾಯಚೂರಿಗೆ ಬಂದೆ. ಕಪಾಟು ತೆಗೆದು ಹದಿನಾಲ್ಕನ್ನೂ ಎಣಿಸಿದೆ. ಹನ್ನೊಂದನೆಯದನ್ನು ಮಾತ್ರ ತೆರೆದು ನೋಡಲಿಲ್ಲ. ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಇಡೀ ಪ್ರವಾಸದಲ್ಲಿ ನನ್ನ ಹೊಟ್ಟೆಯೊಳಗೆ ಇದ್ದದ್ದು ಅದೊಂದೇ.

ಹಿಂದಿನ ಆಯುಧ ಪೂಜೆಯಂದು ಕೆಳಗಿನ ಅಂಗಡಿಯವರು ತಕ್ಕಡಿಗೆ, ಲಾರಿಗೆ, ಕೊನೆಗೆ ಕ್ಯಾಲ್ಕುಲೇಟರಿಗೂ ಪೂಜೆ ಮಾಡಿದರು. ನನ್ನ ಆಯುಧ ಯಾವುದು? ನಾನು ಕಪಾಟು ತೆರೆದು ಹನ್ನೊಂದನೆಯ ಪುಸ್ತಕ ತೆಗೆದೆ. ಅದರಲ್ಲಿ ವಿಮಾನದ ಮೂತಿಯ ಕೆಳಗಿನ ಗಾಲಿಯ ಕಾಲನ್ನು ಬದಲಿಸಿದ ಪುಟವಿದೆ. ಹನುಮಂತಪ್ಪನವರು ಮೂರು ದಿನ ನಿಂತು ಮಾಡಿದ ಕೆಲಸ ಅದು. ಪುಟದ ಕೆಳಗೆ ಅವರ ಠಸ್ಸೆ, ಅವರ ಸಹಿ. ಗುರುವಿನ ಕೈಬರಹಕ್ಕಿಂತ ದೊಡ್ಡ ದೇವರು ಆ ಕೋಣೆಯಲ್ಲಿ ಇರಲಿಲ್ಲ. ಮೂರು ಬೆರಳು ಅದ್ದಿ, ಸರಿಯಾಗಿ ಆ ಸಹಿಯ ಮೇಲೇ ಕುಂಕುಮ ಹಚ್ಚಿ ಕೈಮುಗಿದೆ. ಆಮೇಲೆ ಭಕ್ತಿ ಹೆಚ್ಚಾಗಿ ತೆಂಗಿನಕಾಯಿಯನ್ನೂ ಅಲ್ಲಿಯೇ ಒಡೆದೆ.

ಕಾಯಿಯ ನೀರು ಸಿಡಿದು ಕುಂಕುಮ ಹರಡಿತು. ಠಸ್ಸೆಯೂ ಇಲ್ಲ, ಸಹಿಯೂ ಇಲ್ಲ, ಬರೀ ಕೆಂಪು. ಆ ಕ್ಷಣವೇ ಪಕ್ಕದಲ್ಲಿ ಬರೆದು ನನ್ನ ಸಹಿ ಮಾಡಿ ಮ್ಯಾನೇಜರಿಗೆ ತಿಳಿಸಬೇಕಿತ್ತು. ನಾನು ಪುಟವನ್ನು ಫ್ಯಾನಿನ ಕೆಳಗೆ ಒಣಗಿಸಿ, ಪುಸ್ತಕ ಮುಚ್ಚಿ, ಕಪಾಟಿಗೆ ಬೀಗ ಹಾಕಿ, ಅಂಗಡಿಯವರು ಕೊಟ್ಟ ಪುಟಾಣಿ-ಸಕ್ಕರೆ ತಿಂದು ಮನೆಗೆ ಹೋದೆ.

ಹೈದರಾಬಾದಿಗೆ ಹೊರಟ ಬಸ್ಸು ಕೃಷ್ಣೆಯ ಸೇತುವೆಗೆ ಬಂದಾಗ ದೇವಸುಗೂರಿನ ಕಡೆಗೆ ತಿರುಗಿ ಕೈಮುಗಿದೆ. ಸೂಗೂರೇಶ್ವರನಿಗೆ ಹರಕೆ ಹೇಳುವುದಕ್ಕೂ ನಾಚಿಕೆಯಾಯಿತು. ಪೂಜೆ ಮಾಡಿಯೇ ಕೆಟ್ಟವಳು ಪೂಜೆಯ ಆಸೆ ತೋರಿಸುವುದು ಹೇಗೆ?

ಆಕಾಶ

ವಿಮಾನ ನಿಲ್ದಾಣಕ್ಕೆ ಹನುಮಂತಪ್ಪನವರು ಹ್ಯಾಂಗರಿನ ಎಣ್ಣೆ ಬಟ್ಟೆಯಲ್ಲೇ ಬಂದಿದ್ದರು.

"ಪುಸ್ತಕ ಕೈ ಬಿಡಬ್ಯಾಡ. ನಿದ್ದಿ ಬಂದ್ರ ಚೀಲದ ಹಿಡಿ ಕೈಗೆ ಸುತ್ಕೊಂಡು ಮಲಕ್ಕೋ" ಎಂದರು.

"ಹೂನ್ರಿ ಯಪ್ಪಾ."

"ಅಂಜಬ್ಯಾಡ. ನಮ್ಮ ಪುಸ್ತಕ ಚೊಕ್ಕ ಅದಾವ."

ಅವರು ಅದನ್ನು ಹೆಮ್ಮೆಯಿಂದ ಹೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊದಲ ಸಲ ವಿಮಾನ ಹತ್ತಿದವರು ಕಿಟಕಿಯಿಂದ ಮೋಡ ನೋಡುತ್ತಾರೆ. ನಾನು ಮುಂದಿನ ಸೀಟಿನ ಹಿಂಬದಿಯಲ್ಲಿ ಒಂದು ಸ್ಕ್ರೂ ಇಲ್ಲದಿರುವುದನ್ನು ನೋಡಿದೆ. ಅದು ಬಿದ್ದದ್ದು ಎಂದು, ಬರೆದುಕೊಂಡವರು ಯಾರು? ಗಗನಸಖಿಯನ್ನು ಕರೆದು ಸ್ಕ್ರೂ ಜಾಗ ತೋರಿಸಿ, ನನಗೆ ಬರುವ ಇಂಗ್ಲಿಷಿನಲ್ಲಿ, ಇದಕ್ಕೆ ಎಂಟ್ರಿ ಆಗಿದೆಯೇ ಎಂದು ಕೇಳಿದೆ. ಆಕೆ ನನ್ನ ಭುಜ ತಟ್ಟಿ ಕಿತ್ತಳೆ ರಸ ತಂದುಕೊಟ್ಟಳು. ಪಕ್ಕದ ಸೀಟಿನವರು ನನ್ನಿಂದ ಸ್ವಲ್ಪ ಆಚೆ ಸರಿದು ಕುಳಿತರು.

ನಡುವೆ ಒಂದು ಕಡೆ ವಿಮಾನ ಬದಲಿಸಿದೆ. ಆ ದೊಡ್ಡ ನಿಲ್ದಾಣದಲ್ಲಿ ಬಂಗಾರ ಮಾರುತ್ತಾರೆ, ಅತ್ತರು ಮಾರುತ್ತಾರೆ, ಚಹಾ ಮಾತ್ರ ಬಿಸಿನೀರು ಬೇರೆ ಪುಡಿಚೀಲ ಬೇರೆ ಕೊಟ್ಟು ನೀವೇ ಮಾಡಿಕೊಳ್ಳಿ ಅನ್ನುತ್ತಾರೆ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಮಾಡಿದರೆ ಗ್ಲಾಸು ಮುಖಕ್ಕೆ ಬರುತ್ತದೆ.

ಐರ್ಲೆಂಡು, ಸುಂಕದ ಮೇಜು

ಐರ್ಲೆಂಡಿನ ಸುಂಕದ ಅಧಿಕಾರಿ ನನ್ನ ಎರಡೂ ಚೀಲ ತೆರೆಸಿದ. ಪುಸ್ತಕಗಳ ಬಗ್ಗೆ ಏನೂ ಕೇಳಲಿಲ್ಲ. ರೊಟ್ಟಿಯ ಗಂಟು ಬಿಚ್ಚಿ ಒಂದನ್ನು ಎತ್ತಿ ಮೇಜಿಗೆ ಬಡಿದು ನೋಡಿದ. ಟಕ್ ಟಕ್ ಎಂದಿತು. ಪುಸ್ತಕ ಮುದ್ದೆಯಾಗದಿರಲೆಂದು ಇಟ್ಟ ರಟ್ಟು ಎಂದುಕೊಂಡನಂತೆ. ಊಟ ಎಂದೆ. ನಂಬಲಿಲ್ಲ. ಅವನೆದುರೇ ಒಂದು ತುಂಡು ಮುರಿದು ಹಿಂಡಿ ಹಚ್ಚಿ ತಿಂದು ತೋರಿಸಬೇಕಾಯಿತು. ಅವನಿಗೂ ಒಂದು ತುಂಡು ಕೊಟ್ಟೆ. ನಿಯಮದ ಪ್ರಕಾರ ತಿನ್ನುವಂತಿಲ್ಲ ಎಂದ, ವಾಸನೆ ನೋಡಿದ, ಸಾರಿ ಎಂದ, ಬಿಟ್ಟ.

ಈ "ಸಾರಿ" ಅವರ ಉಸಿರಾಟ. ನನ್ನ ಚೀಲ ಒಬ್ಬರ ಮೊಣಕಾಲಿಗೆ ಬಡಿಯಿತು, ಅವರು ಸಾರಿ ಎಂದರು. ಬಾಗಿಲಲ್ಲಿ ನಾನೇ ಅಡ್ಡ ನಿಂತಿದ್ದೆ, ಹಿಂದಿನ ಹೆಂಗಸು ಸಾರಿ ಎಂದಳು. ನಮ್ಮ ಬಸ್ಸಿನಲ್ಲಿ ಕಾಲು ತುಳಿದವನು, ಕಾಲನ್ನು ಅಲ್ಲಿ ಯಾಕಿಟ್ಟಿರಿ ಎಂದು ತುಳಿಸಿಕೊಂಡವರನ್ನೇ ಕೇಳುತ್ತಾನೆ. ನಮ್ಮ ಕಡೆ ತಪ್ಪನ್ನು ಯಾರೂ ತಮ್ಮ ಹೆಸರಿಗೆ ಬರೆಸಿಕೊಳ್ಳುವುದಿಲ್ಲ. ಹೀಗೆ ನಗುತ್ತಿದ್ದವಳಿಗೆ ಹನ್ನೊಂದನೆಯ ಪುಸ್ತಕ ನೆನಪಾಗಿ ನಗು ನಿಂತಿತು.

ನೋರಾ ಎಂಬವರ ಮನೆ

ಉಳಿದುಕೊಳ್ಳಲು ನೋರಾ ಎಂಬ ವಿಧವೆಯ ಮನೆಯಲ್ಲಿ ಕೋಣೆ ಗೊತ್ತು ಮಾಡಿದ್ದರು. ಬಾಡಿಗೆಗೆ ನಾಷ್ಟಾ ಸೇರಿತ್ತು. ನನ್ನ ಇಂಗ್ಲಿಷೆಲ್ಲ ಲಾಗ್‌ಬುಕ್ಕಿನಿಂದ ಕಲಿತದ್ದು ಎಂಬುದು ನನಗೆ ಗೊತ್ತಾದದ್ದು ಅವರ ಮೇಜಿನಲ್ಲಿ. ಮೊಟ್ಟೆ ಹೇಗಿದೆ ಎಂದು ಕೇಳಿದರು. "ಫೌಂಡ್ ಸ್ಯಾಟಿಸ್‌ಫ್ಯಾಕ್ಟರಿ" ಎಂದೆ. ಪರೀಕ್ಷಿಸಲಾಯಿತು, ತೃಪ್ತಿಕರ. ಚಹಾ ತಣ್ಣಗಿತ್ತು, "ರಿಮೂವ್ ಅಂಡ್ ರಿಪ್ಲೇಸ್" ಎಂದೆ. ನೋರಾ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಮರುದಿನದಿಂದ ತಾವೇ ನನ್ನ ತಟ್ಟೆ ನೋಡಿ "ಸ್ಯಾಟಿಸ್‌ಫ್ಯಾಕ್ಟರಿ?" ಎಂದು ಕೇಳತೊಡಗಿದರು.

ಅಲ್ಲಿಯ ಜನಕ್ಕೆ ಹವಾಮಾನ ಬಿಟ್ಟರೆ ಬೇರೆ ಮಾತಿಲ್ಲ. ಒಂದು ದಿನ ಬಿಸಿಲು ಬಿತ್ತು. ಬಿಸಿಲು ಎಂದರೆ ನಮ್ಮಲ್ಲಿ ಸಂಕ್ರಾಂತಿಯ ಮುಂಜಾನೆ ಇರುವಷ್ಟು. ನೋರಾ ಕಿಟಕಿಯ ಪರದೆ ಎಳೆದು, ಈ ಸೆಕೆಯಲ್ಲಿ ಹೊರಗೆ ಹೋಗುವಾಗ ಜೋಪಾನ, ನೀರು ಕುಡಿಯುತ್ತಿರಿ ಎಂದರು. ರಾಯಚೂರಿನಿಂದ ಬಂದವಳಿಗೆ ಬಿಸಿಲಿನ ಎಚ್ಚರಿಕೆ! ನಾನು ಸ್ವೆಟರಿನ ಮೇಲೆ ಶಾಲು ಹೊದ್ದುಕೊಂಡು, ತುಂಬಾ ಉಪಕಾರವಾಯಿತು ಎಂದೆ.

ಹ್ಯಾಂಗರ್, ಮೊದಲ ಎರಡು ದಿನ

ವಿಮಾನದ ಮಾಲೀಕರ ಪರವಾಗಿ ಪುಸ್ತಕ ನೋಡಲು ಕುಳಿತವರು ಬ್ರೆಂಡನ್ ಎಂಬ ಅರವತ್ತರ ಹತ್ತಿರದ ಮನುಷ್ಯ. ಮರದ ಅಳತೆಪಟ್ಟಿಯನ್ನು ಸಾಲಿನ ಕೆಳಗಿಟ್ಟು ಒಂದೊಂದೇ ಸಾಲು ಓದುತ್ತಾರೆ. ಪುಟ ಮಗುಚುವ ಮೊದಲು ಒಂದು ಗುಟುಕು ಚಹಾ. ನಮ್ಮ ಭೂದಾಖಲೆ ಕಚೇರಿಯಲ್ಲಿ ಇವರನ್ನು ಕೂರಿಸಿದರೆ ಒಂದು ಹೊಲದ ಪಹಣಿ ಕೈಗೆ ಸಿಗುವಷ್ಟರಲ್ಲಿ ಹೊಲವೇ ಸವೆದುಹೋಗುತ್ತದೆ.

ನಾಲ್ಕನೆಯ ಪುಸ್ತಕದಲ್ಲಿ ಒಂದು ಕಂದು ಬಣ್ಣದ ಉಂಗುರ ಕಂಡಿತು.

"ಇದು ಯಾವ ಎಣ್ಣೆ?" ಎಂದರು.

"ಚಹಾ" ಎಂದೆ.

ತಮ್ಮ ಕಪ್ಪನ್ನು ಅದರ ಪಕ್ಕ ಹಿಡಿದು ಅಳತೆ ನೋಡಿ, ನಿಮ್ಮ ಕಪ್ಪು ಸಣ್ಣದು ಎಂದು ಮರುಗಿ, ತಮ್ಮ ಪಟ್ಟಿಯಲ್ಲಿ "ಚಹಾ" ಎಂದು ಬರೆದುಕೊಂಡರು. ಎರಡು ದಿನದಲ್ಲಿ ಹತ್ತು ಪುಸ್ತಕ ಮುಗಿದವು. ಹತ್ತರಲ್ಲೂ ಹನುಮಂತಪ್ಪನವರ ಸಹಿ ಬಂದಾಗ ಅಲ್ಲಿ ಬೆರಳಿಟ್ಟು, ಈ ಮನುಷ್ಯನ ಕೈ ನನಗೆ ಇಷ್ಟ, ಪ್ರತಿ ಅಕ್ಷರ ಓದಬಹುದು ಎಂದರು. ನಾನು ನೆಲ ನೋಡಿದೆ. ಆ ಸಂಜೆ ನೋರಾ ಮಾಡಿದ ಆಲೂಗಡ್ಡೆಯನ್ನು ತಟ್ಟೆಯಲ್ಲೇ ಬಿಟ್ಟೆ. ಸ್ಯಾಟಿಸ್‌ಫ್ಯಾಕ್ಟರಿ ಅನ್ನಲೂ ಆಗಲಿಲ್ಲ.

ಮೂರನೆಯ ದಿನ

ಬೆಳಿಗ್ಗೆ ಹತ್ತಕ್ಕೆ ಬ್ರೆಂಡನ್ ಹನ್ನೊಂದನೆಯ ಪುಸ್ತಕ ತೆರೆದರು. ಹನ್ನೊಂದೂವರೆಗೆ ಆ ಪುಟ ಬಂತು. ಅಳತೆಪಟ್ಟಿ ನಿಂತಿತು. ಚಹಾದ ಕಪ್ಪನ್ನು ದೂರ ಇಟ್ಟರು.

"ಗಾಲಿಯ ಕಾಲು ಬದಲಾಗಿದೆ. ಕೆಲಸದ ವಿವರ ಇದೆ. ಸಹಿ ಎಲ್ಲಿ?"

"ಕೆಂಪಿನ ಕೆಳಗೆ."

"ಸಹಿ ಇರಬೇಕಾದ ಜಾಗದಲ್ಲೇ ಕೆಂಪು ಬಿದ್ದಿದೆ. ಬೇರೆಲ್ಲೂ ಇಲ್ಲ. ಸಹಿ ಇಲ್ಲದ್ದನ್ನು ಮುಚ್ಚಲು ಹಚ್ಚಿದಂತಿದೆ."

ಸಹಿ ಇಲ್ಲದಿದ್ದರೆ ಆ ಗಾಲಿಯ ಕಾಲು ಗುಜರಿಗೆ, ಕೆಲಸ ಮಾಡಿದ ಎಂಜಿನಿಯರಿನ ಮೇಲೆ ವಿಚಾರಣೆ ಎಂದು ಮೆಲ್ಲಗೆ ವಿವರಿಸಿದರು. ನಾನು ಎದ್ದು ಹೋಗಿ ಪುಟ ಮಗುಚಿದೆ. ಹಿಂಬದಿಯಲ್ಲಿ ಬೆರಳಾಡಿಸಿದೆ. ದೇವದುರ್ಗದ ಕೈ ಒತ್ತಿದ ಒತ್ತು ಅಲ್ಲೇ ಇತ್ತು. ಬ್ರೆಂಡನ್ ಅವರ ಬೆರಳನ್ನೂ ಹಿಡಿದು ಅದರ ಮೇಲೆ ಇಡಿಸಿದೆ. ಬ್ರೆಂಡನ್ ಕಣ್ಣು ಮುಚ್ಚಿ ಸವರಿದರು. ಆಮೇಲೆ ದೀಪವನ್ನು ಪುಟಕ್ಕೆ ಓರೆಯಾಗಿ ಹಿಡಿದು ಕನ್ನಡಿಯಲ್ಲಿ ನೋಡಿದರು. ಸಹಿ, ದಿನ, ಪಕ್ಕದಲ್ಲಿ ಠಸ್ಸೆಯ ನಂಬರನ್ನು ಕೈಯಿಂದಲೂ ಬರೆದದ್ದು, ಎಲ್ಲ ಎದ್ದು ನಿಂತಿತು.

"ಸಹಿ ಇದೆ. ಗಾಲಿಯ ಕಾಲು ಉಳಿಯಿತು" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, "ಆದರೆ ಇದನ್ನು ಹಚ್ಚಿದವರು ಯಾರು? ಮೂಲ ದಾಖಲೆ ಕೆಡಿಸಿದವರು ತಮ್ಮ ಹೆಸರಿನಲ್ಲಿ ಬರೆದು ಸಹಿ ಮಾಡಬೇಕು" ಎಂದು ಹೈದರಾಬಾದಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟರು. ಅಲ್ಲಿ ಸಂಜೆ ನಾಲ್ಕು. ಹನುಮಂತಪ್ಪನವರು ಸಿಕ್ಕರು. ಬ್ರೆಂಡನ್ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ಪುಸ್ತಕ ತಮ್ಮ ಕೈಯಿಂದ ನನ್ನ ಕಪಾಟಿಗೆ ಹೋಗುವಾಗ ಚೊಕ್ಕವಾಗಿತ್ತು ಎಂದು ಹನುಮಂತಪ್ಪನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ಕನ್ನಡದಲ್ಲಿ ನನಗೆ ಹೇಳಿದರು. "ಹುಲಿಗೆಮ್ಮ, ನಾನs ಹಚ್ಚೀನಂತ ಬರಸು."

"ಯಪ್ಪಾ, ಹಂಗ ಅನಬ್ಯಾಡ್ರಿ. ನಿಮ್ಮ ಠಸ್ಸಿ ಕಸಗೊಂತಾರ."

"ಕಸಗೊಳ್ಳಲಿ. ನಂದು ಇನ್ನೆರಡು ವರ್ಸದ ನೌಕರಿ. ನೀನು ಸಣ್ಣಾಕಿ ಅದಿ. ಬರಸು, ಸುಮ್ನ ಅಳಬ್ಯಾಡ."

ಅಳುತ್ತಿದ್ದೇನೆಂದು ಅವರು ಹೇಳಿದ ಮೇಲೆ ನನಗೆ ಗೊತ್ತಾಯಿತು. ಬ್ರೆಂಡನ್ ಕಾಗದದ ಕರವಸ್ತ್ರ ಮುಂದೆ ತಳ್ಳಿ, ಅವರು ಏನಂದರು ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ, ಊಟ ಮಾಡಿ ಬರುತ್ತೇನೆ ಎಂದು ಹೊರಗೆ ಬಂದೆ.

ಹ್ಯಾಂಗರಿನ ಹಿಂದಿನ ಬೆಂಚಿನ ಮೇಲೆ ಕುಳಿತು ರೊಟ್ಟಿ ಮುರಿದೆ. ಜಿನುಗು ಮಳೆ ಬೀಳುತ್ತಿತ್ತು. ಅಲ್ಲಿಯ ಮಳೆಯಲ್ಲಿ ಖಡಕ್ ರೊಟ್ಟಿಯೂ ಮೆತ್ತಗಾಗುತ್ತದೆ. ನಮ್ಮ ವಿಮಾನ ಎದುರಿಗೇ ನಿಂತಿತ್ತು. ನಾನು ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಆರು ವರ್ಷ ಅದರ ಕಾಗದ ಕಾಯ್ದವಳಿಗೆ ಅದರ ಬಣ್ಣ ನೀಲಿ ಎಂದು ಗೊತ್ತಿರಲಿಲ್ಲ. ಮುಂದಿನ ಗಾಲಿಯ ಕಾಲು ಸಣಕಲಾಗಿತ್ತು. ಅಷ್ಟು ಭಾರವನ್ನು ಆ ಸಣಕಲು ಕಾಲು ಹೊತ್ತಿರುವುದು, ಅದನ್ನು ಕೂಡಿಸಿದವರೊಬ್ಬರು ಅಲ್ಲಿ ಹೈದರಾಬಾದಿನಲ್ಲಿ ನನ್ನ ತಪ್ಪನ್ನೂ ಹೊರಲು ನಿಂತಿರುವುದು, ಎರಡೂ ಒಟ್ಟಿಗೇ ಕಂಡವು. ಮುರಿದ ರೊಟ್ಟಿಯನ್ನು ಮತ್ತೆ ಗಂಟಿಗೆ ಕಟ್ಟಿದೆ. ಇಷ್ಟು ದಿನ ಇವರ ಸಾರಿಗಳನ್ನು ಲೆಕ್ಕ ಹಾಕಿ ನಕ್ಕೆನಲ್ಲ, ನನ್ನದು ಒಂದೂ ಬಾಯಿಂದ ಹೊರಟಿರಲಿಲ್ಲ.

ಒಳಗೆ ಹೋಗಿ ಬ್ರೆಂಡನ್ ಎದುರು ಕುಳಿತೆ. "ನಾನು ಹಚ್ಚಿದೆ" ಎಂದೆ. ಆಯುಧ ಪೂಜೆ ಎಂದರೇನು, ಸಲಕರಣೆಗೆ ಕುಂಕುಮ ಯಾಕೆ, ಕಾಯಿ ಎಲ್ಲಿ ಒಡೆದೆ, ಎಲ್ಲವನ್ನೂ ಲಾಗ್‌ಬುಕ್ಕಿನ ಇಂಗ್ಲಿಷಿನಲ್ಲಿ ವರದಿ ಮಾಡಿದೆ.

"ಇಡೀ ಪುಟ ಬಿಟ್ಟು ಸಹಿಯ ಮೇಲೇ ಯಾಕೆ?"

"ಗೌರವಕ್ಕೆ."

ಬ್ರೆಂಡನ್ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಕಾರಣ ಎಂಬ ಜಾಗದಲ್ಲಿ ಅದನ್ನೇ ಬರೆಯಿರಿ" ಎಂದರು.

ಬರೆದೆ. ಕೆಂಪು ಪುಡಿ ಹಚ್ಚಿದ್ದು ನಾನು, ಕಾರಣ ಗೌರವ, ಸಹಿಯನ್ನು ಹಿಂಬದಿಯಿಂದ ಓದಬಹುದು. ಊರಿನ ಜಾಗದಲ್ಲಿ ಗಡಿಬಿಡಿಯಿಂದ ಮಾನ್ವಿ ಎಂದು ಬರೆದುಬಿಟ್ಟೆ, ಪೂಜೆ ನಡೆದದ್ದು ರಾಯಚೂರಿನಲ್ಲಿ. ಮಾನ್ವಿಯ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ರಾಯಚೂರು ಎಂದು ಬರೆದು, ಅಲ್ಲೊಂದು ಸಹಿ. ಕೊನೆಗೆ ಇನ್ನೊಂದು ಸಹಿ. ಜೀವಮಾನದಲ್ಲಿ ಮೊದಲ ಸಲ ಯಾರದೋ ಕಾಗದದಲ್ಲಿ ನನ್ನ ಹೆಸರು ಬಿತ್ತು, ಅದೂ ತಪ್ಪಿತಸ್ಥಳೆಂದು. ಪೆನ್ನು ಎಷ್ಟು ಒತ್ತಿದ್ದೆನೆಂದರೆ ಬೆರಳು ನೋಯುತ್ತಿತ್ತು.

ಎಂಜಿನಿಯರಿನ ಮೇಲೆ ಏನೂ ಇಲ್ಲ ಎಂದು ಬ್ರೆಂಡನ್ ಬರೆದುಕೊಂಡರು. ಆಮೇಲೆ, ದಾಖಲೆ ಕಾಯುವವರೇ ದಾಖಲೆ ಕೆಡಿಸಿದ್ದರಿಂದ ಇನ್ನು ಮುಂದೆ ಮೂಲ ಪುಸ್ತಕಗಳು ನನ್ನ ವಶದಲ್ಲಿ ಇರಕೂಡದೆಂದು ಕಂಪನಿಗೆ ಬರೆಯಲೇಬೇಕು ಎಂದರು. "ಸಾರಿ" ಎಂದರು. ಐರ್ಲೆಂಡಿನಲ್ಲಿ ನಾನು ಕೇಳಿದ ನೂರಾರು ಸಾರಿಗಳಲ್ಲಿ ಅದೊಂದಕ್ಕೆ ತೂಕವಿತ್ತು.

"ಸಾರಿ" ಎಂದು ನಾನೂ ಹೇಳಿದೆ.

ದೇವದುರ್ಗ

ರಾಯಚೂರಿಗೆ ಮರಳುವಷ್ಟರಲ್ಲಿ ಕಪಾಟಿನ ಕೀಲಿ ಮ್ಯಾನೇಜರ್ ಸಾಹೇಬರ ಕಿಸೆಗೆ ಹೋಗಿತ್ತು. ಎರಡು ಸಲ ಹುಟ್ಟಿದವರ ಕೈಯಲ್ಲಿ ಉಳಿದ ಹತ್ತು ವಿಮಾನಗಳ ಜಾತಕ ಕ್ಷೇಮವಾಗಿರುತ್ತದೆ ಎಂದು ನನಗೂ ಸಮಾಧಾನವಾಯಿತು. ನನಗೆ ಉಳಿದದ್ದು ಸ್ಕ್ಯಾನಿಂಗ್ ಯಂತ್ರ. ಪುಸ್ತಕವನ್ನು ಅವರು ಎಣಿಸಿ ಕೊಡುತ್ತಾರೆ, ನಾನು ಫೋಟೋ ಹೊಡೆದು ಎಣಿಸಿ ವಾಪಸ್ ಕೊಡುತ್ತೇನೆ.

ಬಂದ ವಾರವೇ ಮಾನ್ವಿಯಿಂದ ಸಿರವಾರ ಹಾದು ದೇವದುರ್ಗಕ್ಕೆ ಹೋದೆ. ಹನುಮಂತಪ್ಪನವರು ರಜೆಯಲ್ಲಿ ಮನೆಯಲ್ಲಿದ್ದರು. ನೋರಾ ಕೊಟ್ಟಿದ್ದ ಬಿಸ್ಕತ್ತಿನ ಡಬ್ಬಿ ಮುಂದಿಟ್ಟೆ. ಅವರು ಡಬ್ಬಿ ಮುಟ್ಟಲಿಲ್ಲ. ಅವರ ಕಣ್ಣೆಲ್ಲ ನನ್ನ ಮೊಬೈಲಿನಲ್ಲಿದ್ದ ಆ ಪುಟದ ಫೋಟೋ ಮೇಲೆ. ಮೇಲೆ ಕೆಂಪು, ಕೆಳಗೆ ನನ್ನ ದುಂಡು ಅಕ್ಷರದ ನಾಲ್ಕು ಸಾಲು, ಒಂದು ಗೆರೆ, ಎರಡು ಸಹಿ.

"ನಾನು ಹೇಳಿದ್ದು ಕೇಳಲಿಲ್ಲ ನೀನು" ಎಂದರು.

"ಕೇಳೀನ್ರಿ. ಮೊದಲನೇ ದಿನ ಹೇಳಿದ್ದು ಕೇಳೀನಿ."

ಅವರು ತಲೆ ಬಗ್ಗಿಸಿಕೊಂಡು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿದರು. ಆಮೇಲೆ ಕೇಳಿದರು. "ನನ್ನ ಸಹಿಗಿ ನೀನು ಕುಂಕುಮ ಹಚ್ಚಿದಿ. ಬರೋ ಆಯುಧ ಪೂಜಿಗಿ ನಿನ್ನ ಸಹಿಗಿ ಯಾರು ಹಚ್ಚಬೇಕವ್ವ?"

"ಯಾರೂ ಹಚ್ಚಬ್ಯಾಡ್ರಿ, ಯಪ್ಪಾ" ಎಂದೆ. "ಅದು ಹಂಗs ಓದಾಕ ಬರ್ಲಿ."